ಹಾಜರಿಯಲ್ಲಿ 23, ಊಟಕ್ಕೆ 19: ಐದನೇ ತರಗತಿ ಮಕ್ಕಳ ಕೋಚಿಂಗ್ ಬಗ್ಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯವರಿಗೆ, ಮೊರಾರ್ಜಿ ದೇಸಾಯಿ ಮುಂತಾದ ವಸತಿ ಶಾಲೆಗಳನ್ನು ನಡೆಸುವ ಕ್ರೈಸ್‌ನವರಿಗೆ, ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಗಳನ್ನು ನಡೆಸುವ ನವೋದಯ ವಿದ್ಯಾಲಯ ಸಮಿತಿಯವರಿಗೆ,

ನಮಸ್ಕಾರ.

ನಾನು ಉತ್ತರ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಹದಿನಾಲ್ಕು ವರ್ಷ ಆಯಿತು, ಹೆಚ್ಚು ಕಡಿಮೆ ಅಷ್ಟೂ ವರ್ಷ ಐದನೇ ತರಗತಿ ನನ್ನ ಪಾಲಿಗೇ ಬಂದಿದೆ. ಈ ವರ್ಷ ನನ್ನ ಹಾಜರಿ ಪುಸ್ತಕದಲ್ಲಿ 23 ಮಕ್ಕಳಿದ್ದಾರೆ. ಕ್ಲಾಸಿನಲ್ಲಿ ಇರುವುದು 19. ಉಳಿದ ನಾಲ್ವರಿಗೆ ಜ್ವರ ಬಂದಿಲ್ಲ. ಅವರ ಅಪ್ಪ-ಅಮ್ಮ ಗುಳೆ ಹೋಗಿಲ್ಲ. ಆ ನಾಲ್ವರು ತಾಲ್ಲೂಕು ಊರಿನ ಒಂದು ಬಾಡಿಗೆ ಮನೆಯಲ್ಲಿ, ಇನ್ನೂ ಹತ್ತಾರು ಮಕ್ಕಳ ಜೊತೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ಲ.ಸಾ.ಅ., ಮ.ಸಾ.ಅ. ಮಾಡುತ್ತಿದ್ದಾರೆ. ಮನೆಯ ಮುಂದಿನ ಬ್ಯಾನರ್ ಮೇಲೆ "ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ, ಆದರ್ಶ ಪ್ರವೇಶ ಪರೀಕ್ಷೆಗಳಿಗೆ ವಸತಿ ಸಹಿತ ತರಬೇತಿ" ಅಂತ ಬರೆದಿದೆ. ಅದರ ಕೆಳಗೆ ಕಳೆದ ವರ್ಷ ಆಯ್ಕೆಯಾದ ಮಕ್ಕಳ ಫೋಟೋಗಳಿವೆ. ಆಯ್ಕೆಯಾಗದ ಮಕ್ಕಳ ಫೋಟೋ ಯಾವ ಬ್ಯಾನರ್ ಮೇಲೂ ಇರುವುದಿಲ್ಲ, ಬಿಡಿ.

ನಮ್ಮಲ್ಲಿ ಇನ್ನೊಂದು ಪುಸ್ತಕ ಇದೆ, ಬಿಸಿಯೂಟದ್ದು. ಅದರಲ್ಲಿ ಐದನೇ ತರಗತಿಯ ಲೆಕ್ಕ 19. ಅಕ್ಕಿ-ಬೇಳೆ ತೂಕ ಹಾಕಿ ಕೊಡುವುದರಿಂದ ಅಲ್ಲಿ ಸುಳ್ಳು ಬರೆಯೋಕೆ ಎಲ್ಲರಿಗೂ ಹೆದರಿಕೆ. ಹಾಜರಿಗೆ ತೂಕ ಇಲ್ಲ. ಎರಡೂ ಪುಸ್ತಕವನ್ನು ಪಕ್ಕಪಕ್ಕ ಇಟ್ಟರೆ ಎರಡು ನಿಮಿಷದಲ್ಲಿ ವಿಷಯ ಗೊತ್ತಾಗುತ್ತದೆ. ಇಷ್ಟು ವರ್ಷದಲ್ಲಿ ಯಾರೂ ಇಟ್ಟು ನೋಡಿಲ್ಲ.

ಇದನ್ನು ಬರೆದದ್ದಕ್ಕೆ ನನಗೆ ನೋಟಿಸ್ ಬರಬಹುದು. ಅದಕ್ಕೇ ಹೆಸರು ಹಾಕಿಲ್ಲ. ಆದರೆ ಇದು ನನ್ನ ಒಂದು ಶಾಲೆಯ ಕಥೆ ಅಂತ ನೀವು ಅಂದುಕೊಳ್ಳಬಾರದು. ಸುತ್ತಮುತ್ತಲಿನ ಶಾಲೆಗಳ ಯಾವ ಟೀಚರ್ ಹತ್ತಿರ ಮಾತಾಡಿದರೂ, ಮೊದಲು ಸುಮ್ನೆ ನಗುತ್ತಾರೆ, ಆಮೇಲೆ "ನಿಮ್ಮಲ್ಲಿ ನಾಲ್ಕೇನಾ?" ಅಂತ ಕೇಳುತ್ತಾರೆ.

ಮಗು ಓದುವುದು ಪಟ್ಟಣದಲ್ಲಿ, ಹೆಸರು ಇರುವುದು ಹಳ್ಳಿಯಲ್ಲಿ. ಯಾಕೆ ಹೀಗೆ ಅಂತ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನವೋದಯದ ಆರನೇ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ನೂರಕ್ಕೆ 75 ಹಳ್ಳಿ ಮಕ್ಕಳಿಗೆ, ಅಂದರೆ 60. ಆ ಸೀಟಿಗೆ ಮಗು ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿ ಶಾಲೆಯಲ್ಲೇ ಓದಿರಬೇಕು, ಅರ್ಜಿಯ ಜೊತೆ ಮುಖ್ಯೋಪಾಧ್ಯಾಯರ ಸಹಿ ಇರುವ ಪ್ರಮಾಣಪತ್ರ ಹಾಕಬೇಕು. ನಿಯಮ ಮಾಡಿದವರ ಮನಸ್ಸು ಒಳ್ಳೆಯದೇ ಇತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಈ ಶಾಲೆಗಳು ಹುಟ್ಟಿದ್ದೇ ಹಳ್ಳಿಯ ಚುರುಕು ಮಕ್ಕಳಿಗೆ, ಮನೆಯಲ್ಲಿ ದುಡ್ಡಿಲ್ಲ ಅನ್ನುವ ಕಾರಣಕ್ಕೆ ಒಳ್ಳೆಯ ಶಾಲೆ ತಪ್ಪಬಾರದು ಅಂತ. ಪ್ರಶ್ನೆಪತ್ರಿಕೆಯ ಅರ್ಧ ಭಾಗದಲ್ಲಿ ಬರೀ ಚಿತ್ರ ಇಟ್ಟದ್ದೂ ಅದಕ್ಕೇ. ಓದಿದ ಮನೆಯ ಮಗು, ಓದದ ಮನೆಯ ಮಗು ಇಬ್ಬರಿಗೂ ಅದು ಒಂದೇ ಥರ ಹೊಸದಾಗಿರಲಿ ಅಂತ.

ಈಗ ಆ ಚಿತ್ರ ಯಾರಿಗೆ ಹೊಸದು ಹೇಳಿ? ಕೋಚಿಂಗ್‌ಗೆ ಹೋದ ಮಗು ಅಂಥ ಸಾವಿರಾರು ಚಿತ್ರ ತಿದ್ದಿರುತ್ತದೆ. ಕೂಲಿಗೆ ಹೋಗುವವರ ಮಗು ಪರೀಕ್ಷೆ ದಿನವೇ ಮೊದಲ ಸಲ ನೋಡುತ್ತದೆ. ಯಾರಿಗಾಗಿ ಮಾಡಿದ್ದೋ ಅವರೇ ಹೊರಗೆ ನಿಂತಿದ್ದಾರೆ.

ಈಗ ಅಸಲು ಪ್ರಶ್ನೆಗೆ ಬರುತ್ತೇನೆ. ನನ್ನನ್ನು ಪ್ರತಿ ವರ್ಷ ಜೂನ್‌ನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಅಕ್ಕಾರ, ನಮ್ಮ ಹುಡುಗನ್ನ ನವೋದಯಕ್ಕ ಹಾಕಬೇಕಂತೀವ್ರಿ. ಕೋಚಿಂಗ್ ಇಲ್ಲದ ಆಗ್ತದೇನ್ರಿ? ಖರ್ಚಿನ ಚಿಂತಿ ಮಾಡಬ್ಯಾಡ್ರಿ, ಒಂದೆರಡು ಕುರಿ ಮಾರ್ತೀವಿ." ಇವರಿಗೆ ಏನು ಹೇಳಲಿ? "ಬೇಡ" ಅಂತ ಹೇಳುವುದು ಸುಲಭ. ಆದರೆ ಕೋಚಿಂಗ್‌ನಿಂದ ಏನೂ ಪ್ರಯೋಜನ ಇಲ್ಲ ಅಂತ ಹೇಳಿದರೆ ಅದು ಸುಳ್ಳು. ಪ್ರಯೋಜನ ಇದೆ. ಒಂದೇ ಥರದ ಚಿತ್ರವನ್ನು ಮತ್ತೆ ಮತ್ತೆ ಮಾಡಿದ ಮಗು ಬೇಗ ಮಾಡುತ್ತದೆ, ಅಷ್ಟು ಯಾರಿಗೂ ಗೊತ್ತು. ನನ್ನ ತಕರಾರು ಬೇರೆ. ಆ ಪ್ರಯೋಜನದ ಬಹುಪಾಲು ಕೆಲವೇ ವಾರದಲ್ಲಿ ಸಿಕ್ಕಿಬಿಡುತ್ತದೆ. ಆಮೇಲೆ ನಡೆಯುವ ಹತ್ತು ತಿಂಗಳು ಮಗುವಿಗೆ ಜಾಸ್ತಿ ಏನೂ ಕೊಡುವುದಿಲ್ಲ, ಮಗುವಿನಿಂದ ತುಂಬಾ ಕಿತ್ತುಕೊಳ್ಳುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಮಗನನ್ನೇ ಕಳಿಸಿದ್ದೆ.

ಐದಾರು ವರ್ಷದ ಹಿಂದಿನ ಮಾತು. ಊಟ, ವಸತಿ ಸೇರಿ 60 ಸಾವಿರ ಕಟ್ಟಿದೆವು. ಟೀಚರ್ ಮಗ ಅಂತ ಎರಡು ಸಾವಿರ ಬಿಟ್ಟರು. ಅವನಿಗೆ ಆಗ ಹತ್ತು ತುಂಬಿರಲಿಲ್ಲ. ಭಾನುವಾರ ಹೋದಾಗ ನನ್ನ ಮುಖ ನೋಡುವ ಮೊದಲು ಅವನು ನನ್ನ ಕೈಯಲ್ಲಿರುವ ಚೀಲ ನೋಡುತ್ತಿದ್ದ, ಆಮೇಲೆ ಗೇಟ್ ಕಡೆ ನೋಡುತ್ತಿದ್ದ. "ಈ ವಾರ ಎಷ್ಟು ಬಂತು?" ಅಂತ ನಾನು ಕೇಳುತ್ತಿದ್ದೆ. ಹೌದು, ನಾನೇ, ದಿನಾ ಬೇರೆಯವರ ಮಕ್ಕಳಿಗೆ "ಊಟ ಆಯ್ತಾ ಪುಟ್ಟಾ" ಅಂತ ಕೇಳುವ ಟೀಚರ್. ಅಲ್ಲಿ ಪ್ರತಿ ಶನಿವಾರ ಟೆಸ್ಟ್, ಪ್ರತಿ ಸೋಮವಾರ ಗೋಡೆ ಮೇಲೆ ರ‍್ಯಾಂಕ್ ಪಟ್ಟಿ. ಕೊನೆಯ ಹತ್ತು ಹೆಸರು ಕೆಂಪು ಪೆನ್ನಿನಲ್ಲಿ.

ಅವನಿಗೆ ಸೀಟು ಸಿಗಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ ಅಂತ ಹೇಳಲಾರೆ, ಆಗ ತುಂಬಾ ಬೇಜಾರಾಗಿತ್ತು. ನಿಜವಾಗಿ ಹೆದರಿದ್ದು ಮಾತ್ರ ಅವನು ಮನೆಗೆ ಬಂದ ಮೇಲೆ. ಒಂದು ದಿನ ಪೇಪರ್ ಬಿಡಿಸಿದರೆ ಮೊದಲ ಪುಟದಲ್ಲಿ ಏನೋ ಕಪ್ಪು ಕಪ್ಪು. ಹತ್ತಿರ ಹಿಡಿದು ನೋಡಿದೆ. ಪುಟದಲ್ಲಿರುವ ಅಷ್ಟೂ ಅನುಸ್ವಾರದ ಸೊನ್ನೆಗಳನ್ನು ಹುಡುಗ ಬಾಲ್ ಪೆನ್ನಿನಿಂದ ತುಂಬಿದ್ದ. ಬೆಂಗಳೂರಿನ ಸೊನ್ನೆ, ಸಂಪುಟದ ಸೊನ್ನೆ, ಅಂತ್ಯಸಂಸ್ಕಾರದ ಎರಡೂ ಸೊನ್ನೆ. ಗೆರೆ ದಾಟದ ಹಾಗೆ, ಉತ್ತರದ ಸೊನ್ನೆ ತುಂಬುವ ಓಎಂಆರ್ ಹಾಳೆಯಲ್ಲಿ ಹೇಳಿಕೊಟ್ಟಿದ್ದರಲ್ಲ, ಹಾಗೆ ಅಚ್ಚುಕಟ್ಟಾಗಿ. ಯಾಕೋ ಹೀಗೆ ಮಾಡಿದೆ ಅಂದರೆ, "ಗೊತ್ತಿಲ್ಲ ಅವ್ವಾ, ಕೈ ಹೋಗ್ತದ" ಅಂದ. ಅದು ಹೋಗೋಕೆ ಎರಡು ತಿಂಗಳು ಬೇಕಾಯಿತು. ಈಗ ಅವನು ನಮ್ಮ ಹೋಬಳಿಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಓದುತ್ತಿದ್ದಾನೆ, ಆರಾಮಾಗಿದ್ದಾನೆ. ಗಣಿತ ಮಾತ್ರ ಅವನಿಗೆ ಇವತ್ತಿಗೂ ಸೇರುವುದಿಲ್ಲ. ನಾಲ್ಕನೇ ತರಗತಿಯಲ್ಲಿ ಮಗ್ಗಿ ಹೇಳಿಕೊಂಡು ಕುಣಿಯುತ್ತಿದ್ದ ಹುಡುಗ ಅವನೇ.

ಹಾಗಂತ ಪರೀಕ್ಷೆಗೆ ಏನೂ ಬೇಡ, ಮಗುವನ್ನು ಸುಮ್ನೆ ಹೋಗಿ ಕೂರಿಸಿ ಅಂತ ನಾನು ಹೇಳುವುದಿಲ್ಲ. ಅದೂ ಅನ್ಯಾಯವೇ. ನವೋದಯದ ಪತ್ರಿಕೆ ನೋಡಿ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯದ್ದು 40 ಪ್ರಶ್ನೆ, ಗಣಿತ 20, ಭಾಷೆ 20. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇದೊಂದು ಸಾಲು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಟ್ಟು ಬರುತ್ತಾರೆ. ಉತ್ತರವನ್ನು ಬಾಲ್ ಪೆನ್ನಿನಲ್ಲೇ ಗುರುತು ಮಾಡಬೇಕು. ನಮ್ಮ ಐದನೇ ತರಗತಿ ಮಕ್ಕಳಲ್ಲಿ ಅರ್ಧ ಜನ ಇನ್ನೂ ಪೆನ್ಸಿಲ್-ರಬ್ಬರ್ ಮಕ್ಕಳು, ಅಳಿಸೋಕೆ ಆಗುವುದಿಲ್ಲ ಅಂದ ಕೂಡಲೇ ಅವರ ಕೈ ನಡುಗುತ್ತದೆ. ಒಮ್ಮೆ ಒಬ್ಬ ಹುಡುಗ ಹನ್ನೊಂದನೇ ಪ್ರಶ್ನೆ ಬಿಟ್ಟು ಹನ್ನೆರಡರ ಉತ್ತರವನ್ನು ಹನ್ನೊಂದರ ಎದುರು ತುಂಬಿದ, ಅಲ್ಲಿಂದ ಕೊನೆಯ ತನಕ ಎಲ್ಲವೂ ಒಂದು ಮನೆ ಮೇಲೆ. ಅದು ಅಭ್ಯಾಸದ ಹಾಳೆ ಆದ್ದರಿಂದ ಇಬ್ಬರೂ ನಕ್ಕೆವು. ಪರೀಕ್ಷೆಯಲ್ಲಾಗಿದ್ದರೆ ಅವನ ಬುದ್ಧಿಗೆ ಸಿಗುತ್ತಿದ್ದ ಅಂಕ ಸೊನ್ನೆಯ ಹತ್ತಿರ.

ಇದಕ್ಕೆ ನಾನು ಪರಿಚಯ ಅಂತೀನಿ. ತಯಾರಿ ಬೇರೆ, ಪರಿಚಯ ಬೇರೆ. ಹೊಸ ಊರಿಗೆ ಹೋಗುವ ಮೊದಲು ಬಸ್ ಸ್ಟ್ಯಾಂಡ್ ಎಲ್ಲಿದೆ, ಮನೆ ಯಾವ ಕಡೆ ಅಂತ ಯಾರನ್ನಾದರೂ ಕೇಳಿಕೊಳ್ಳುತ್ತೇವೆ. ಅದಕ್ಕೋಸ್ಕರ ಅಲ್ಲೊಂದು ವರ್ಷ ಬಾಡಿಗೆ ಮನೆ ಮಾಡುತ್ತೇವಾ?

ಮೂರು ವರ್ಷದಿಂದ ನಾನು ಇದನ್ನೇ ಕ್ಲಾಸಿನಲ್ಲಿ ಮಾಡುತ್ತಿದ್ದೇನೆ. ದಸರಾ ರಜೆ ಮುಗಿದ ಮೇಲೆ ವಾರಕ್ಕೆ ಎರಡು ಕೊನೆಯ ಪೀರಿಯಡ್, ಅಷ್ಟೇ. ದುಡ್ಡಿಲ್ಲ, ಮನೆ ಪಾಠ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವ ಹಾಗಿಲ್ಲ, ಅದು ನನಗೆ ಗೊತ್ತಿದೆ, ಗೊತ್ತಿದ್ದೂ ಮಾಡುವವರೂ ನನಗೆ ಗೊತ್ತು. ಮೊದಲ ವಾರ ಓಎಂಆರ್ ಹಾಳೆ ತುಂಬುವುದು ಮಾತ್ರ. ಆಮೇಲೆ ಚಿತ್ರದ ಹತ್ತು ವಿಧ, ಒಂದೊಂದು ದಿನಕ್ಕೆ ಒಂದು. ಗುಂಪಿಗೆ ಸೇರದ್ದು, ಅದರಂತೆಯೇ ಇರುವುದು, ಕನ್ನಡಿಯಲ್ಲಿ ಕಾಣುವುದು, ಚಿತ್ರದೊಳಗೆ ಅಡಗಿದ ಚಿತ್ರ, ಕಾಗದ ಮಡಚಿ ತೂತು ಮಾಡಿ ಬಿಡಿಸಿದರೆ ಹೇಗೆ ಕಾಣುತ್ತದೆ ಅನ್ನುವುದು, ಹೀಗೆ. ಒಂದೊಂದು ವಿಧಕ್ಕೆ ನಾಲ್ಕು ಪ್ರಶ್ನೆ ಬರುತ್ತವೆ.

ಕಾಗದ ಮಡಚುವ ಪ್ರಶ್ನೆ ದಿನ ನಡೆದದ್ದು ಹೇಳಬೇಕು. ನಾನು ಬೋರ್ಡಿನ ಮೇಲೆ ಚುಕ್ಕೆ ಗೆರೆ ಎಳೆದು, ಇಲ್ಲಿ ಮಡಚಿದೆವು, ಇಲ್ಲಿ ತೂತು ಮಾಡಿದೆವು, ಈಗ ಬಿಡಿಸಿದರೆ ಅಂತ ವಿವರಿಸುತ್ತಿದ್ದೆ. ಯಾರಿಗೂ ತಲೆಗೆ ಹತ್ತಲಿಲ್ಲ, ನಿಜ ಹೇಳಬೇಕೆಂದರೆ ಎರಡನೇ ಉದಾಹರಣೆಯಲ್ಲಿ ನಾನೇ ತಪ್ಪಿದೆ. ಹಿಂದಿನ ಸಾಲಿನ ಒಬ್ಬ ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಡುವವಳೇ ಅಲ್ಲ, ಮೆಲ್ಲಗೆ ಎದ್ದು, "ಅಕ್ಕಾರ, ಇದು ಆಗಸ್ಟ್ ಹದಿನೈದಕ್ಕ ತೋರಣ ಕತ್ತರಿಸ್ತೀವಲ್ರಿ, ಅದ ಅಲ್ಲೇನ್ರಿ?" ಅಂದಳು. ಹೌದಲ್ಲ! ಹಳೇ ಪೇಪರ್ ತರಿಸಿದೆ. ಅವಳು ನಾಲ್ಕು ಮಡಿಕೆ ಹಾಕಿ ಮೂಲೆ ಕತ್ತರಿಸಿ, ಬಿಡಿಸುವ ಮೊದಲೇ ಎಷ್ಟು ತೂತು, ಎಲ್ಲೆಲ್ಲಿ ಅಂತ ಹೇಳಿದಳು. ಅರ್ಧ ಗಂಟೆಯಲ್ಲಿ ಇಡೀ ಕ್ಲಾಸ್ ಪೇಪರ್ ಚೂರಿನಿಂದ ತುಂಬಿಹೋಯಿತು, ಗುಡಿಸೋಕೆ ಇನ್ನೊಂದು ಪೀರಿಯಡ್ ಹೋಯಿತು. ಆ ವಿಧದ ಪ್ರಶ್ನೆ ಆಮೇಲೆ ಯಾರಿಗೂ ತೊಡಕಾಗಲಿಲ್ಲ. ಉಳಿದ ಅರ್ಧ ಚಿತ್ರ ತುಂಬುವ ಪ್ರಶ್ನೆ ಇದೆಯಲ್ಲ, ಮನೆ ಮುಂದೆ ಚುಕ್ಕಿ ರಂಗೋಲಿ ಹಾಕುವ ಮಕ್ಕಳು ಅದನ್ನು ನೋಡಿದ ಕೂಡಲೇ ಮಾಡಿಬಿಟ್ಟರು. ಪತ್ರಿಕೆ ಮಾಡಿದವರು ಪರೀಕ್ಷಿಸಬೇಕೆಂದಿದ್ದ ಬುದ್ಧಿ ಇದೇ ಅಲ್ವಾ? ಬಾಡಿಗೆ ಮನೆಯ ಚಾಪೆ ಮೇಲೆ ಕೂತು ಇದನ್ನು ಶಾರ್ಟ್‌ಕಟ್‌ನಲ್ಲಿ ಕಲಿಯುವ ಮಗುವಿಗೆ ಉತ್ತರ ಬರುತ್ತದೆ, ಕಾಗದ ಕಾಣುವುದಿಲ್ಲ.

ಕಳೆದ ಮೂರು ವರ್ಷದಲ್ಲಿ ನನ್ನ ಕ್ಲಾಸಿನಿಂದ, ಎಲ್ಲಿಗೂ ಕೋಚಿಂಗ್‌ಗೆ ಹೋಗದ ಇಬ್ಬರು ನವೋದಯಕ್ಕೆ, ಐವರು ಮೊರಾರ್ಜಿ ಶಾಲೆಗೆ ಹೋದರು. ಇದನ್ನು ದೊಡ್ಡ ಸಾಧನೆ ಅಂತ ಹೇಳುತ್ತಿಲ್ಲ. ಅದೇ ಮೂರು ವರ್ಷದಲ್ಲಿ ಕೋಚಿಂಗ್‌ಗೆ ಹೋದ ಒಂಬತ್ತು ಮಕ್ಕಳಲ್ಲಿ ನವೋದಯ ಸಿಕ್ಕಿದ್ದು ಇಬ್ಬರಿಗೆ. ಇಷ್ಟು ಸಣ್ಣ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಬ್ಯಾನರ್ ಮೇಲೆ ಫೋಟೋ ಹಾಕುವವರು ಇಷ್ಟೂ ಲೆಕ್ಕ ಕೊಡುವುದಿಲ್ಲ.

ಭಾಷೆಯ 20 ಪ್ರಶ್ನೆಗಳ ಬಗ್ಗೆ ಒಂದು ಮಾತು. ನಾಲ್ಕು ಗದ್ಯ ಭಾಗ, ಒಂದೊಂದಕ್ಕೆ ಐದು ಪ್ರಶ್ನೆ, ಕನ್ನಡದಲ್ಲೇ ಬರೆಯಬಹುದು. ಇದಕ್ಕೆ ಯಾವ ಕೋಚಿಂಗ್ ಏನು ಮಾಡುತ್ತದೆ? ಓದೋಕೆ ಬಂದರೆ ಬಂತು. 2018ರ ಅಸರ್ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ ಎರಡನೇ ತರಗತಿಯ ಪಾಠ ಓದೋಕೆ ಬರುತ್ತಿತ್ತು. ಉಳಿದರ್ಧಕ್ಕೆ ಓದು ಕಲಿಸುವುದು ನಮ್ಮ ಕೆಲಸ, ನನ್ನ ಕೆಲಸ. ಗೋಡೆ ಕಪಾಟಿನಲ್ಲಿ ಬೀಗ ಹಾಕಿಟ್ಟ ಕಥೆ ಪುಸ್ತಕಗಳನ್ನು ಹೊರಗೆ ತೆಗೆದು ಮಕ್ಕಳ ಕೈಗೆ ಕೊಟ್ಟರೆ, ಹರಿದರೆ ಹರಿಯಲಿ ಅಂತ ಬಿಟ್ಟರೆ, ಅದಕ್ಕಿಂತ ದೊಡ್ಡ ಪ್ರವೇಶ ಪರೀಕ್ಷೆ ತರಬೇತಿ ಇನ್ನೊಂದಿಲ್ಲ.

ಸೈನಿಕ ಶಾಲೆಯ ಮಾತು ಸ್ವಲ್ಪ ಬೇರೆ, ಅದನ್ನೂ ಒಪ್ಪುತ್ತೇನೆ. ಅಲ್ಲಿ 300 ಅಂಕದಲ್ಲಿ 150 ಗಣಿತಕ್ಕೇ, 125 ಪ್ರಶ್ನೆ, ಎರಡೂವರೆ ಗಂಟೆ. ವಿಜಯಪುರಕ್ಕೋ ಕೊಡಗಿಗೋ ಹೋಗಲೇಬೇಕು ಅಂತ ಮಗುವಿಗೇ ಆಸೆ ಇದ್ದರೆ ಗಣಿತದಲ್ಲಿ ಒಂದಿಷ್ಟು ಜಾಸ್ತಿ ಅಭ್ಯಾಸ ಬೇಕು. ಅದನ್ನು ದಿನಾ ಮನೆಯಲ್ಲಿ ಒಂದು ಗಂಟೆ ಕೂತು ಮಾಡಬಹುದು. ಅಪ್ಪ-ಅಮ್ಮನಿಗೆ ಬರದಿದ್ದರೆ ಅಕ್ಕನೋ, ಪಕ್ಕದ ಮನೆಯ ಪಿಯುಸಿ ಹುಡುಗನೋ ಕೂರಿಸಿಕೊಳ್ಳಲಿ. ಹತ್ತು ವರ್ಷದ ಮಗು ಅದಕ್ಕಾಗಿ ಮನೆ ಬಿಡಬೇಕಾಗಿಲ್ಲ.

ಅಪ್ಪ-ಅಮ್ಮಂದಿರನ್ನು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವರಿಗೆ ಹುಚ್ಚು ಹಿಡಿದಿಲ್ಲ. ಹೈಸ್ಕೂಲು ಎಂಟು ಕಿಲೋಮೀಟರ್ ದೂರ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪ್ರೈವೇಟ್ ಶಾಲೆಗೆ ವರ್ಷಾ ವರ್ಷಾ ಕಟ್ಟೋಕೆ ಆಗುವುದಿಲ್ಲ. ವಸತಿ ಶಾಲೆಯಲ್ಲಿ ಊಟ, ಬಟ್ಟೆ, ಪುಸ್ತಕ, ಕಲಿಯುವ ವಾತಾವರಣ ಎಲ್ಲ ಸಿಗುತ್ತದೆ. ಒಂದು ವರ್ಷ ಸಾಲ ಮಾಡಿದರೆ ಏಳು ವರ್ಷ ನಿಶ್ಚಿಂತೆ ಅನ್ನುವುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ, ಸೀಟು ಸಿಕ್ಕರೆ. ದೇಶದಲ್ಲಿ 650ಕ್ಕೂ ಹೆಚ್ಚು ನವೋದಯಗಳಿವೆ, ಒಂದೊಂದರಲ್ಲಿ 80 ಅಂದರೂ 52 ಸಾವಿರದ ಆಸುಪಾಸು ಸೀಟು. ಎಲ್ಲ ಮಕ್ಕಳೂ ಕೋಚಿಂಗ್‌ಗೆ ಹೋದರೂ ಅಷ್ಟೇ, ಯಾರೂ ಹೋಗದಿದ್ದರೂ ಅಷ್ಟೇ. ಸಂಗೀತ ಕುರ್ಚಿ ಆಟದಲ್ಲಿ ಎಲ್ಲರೂ ಜೋರಾಗಿ ಓಡಿದರೆ ಕುರ್ಚಿ ಜಾಸ್ತಿ ಆಗುತ್ತಾ? ಕುರ್ಚಿ ಬಾಡಿಗೆಯವನಿಗೆ ಲಾಭ ಆಗುತ್ತದೆ ಅಷ್ಟೇ.

ಇನ್ನೊಂದು ಆಟವೂ ಶುರುವಾಗಿದೆ. ನವೋದಯದ ಆರನೇ ತರಗತಿ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಹಾಗಾಗಿ ಮಗುವನ್ನು ನಾಲ್ಕನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸಿ, ಎರಡು ವರ್ಷ ಕೋಚಿಂಗ್ ಕೊಡಿಸಿ, ಆಮೇಲೆ ಐದಕ್ಕೆ ಹಾಕಿಸುವುದು. "ಅಕ್ಕಾರ, ವಯಸ್ಸು ಕೂಡ್ತದ್ರಿ, ಲೆಕ್ಕ ಹಾಕೇವಿ" ಅಂತ ನನ್ನ ಮುಂದೆಯೇ ಹೇಳಿದ್ದಾರೆ. ಪಾಸಾದ ಮಗು ಫೇಲಾದ ಮಗುವಿನ ಹಾಗೆ ಅದೇ ಬೆಂಚಿನಲ್ಲಿ ಕೂರಬೇಕು. ಗೆಳೆಯರೆಲ್ಲ ಮುಂದಿನ ರೂಮಿಗೆ ಹೋಗಿರುತ್ತಾರೆ. ಮಗುವಿಗೆ ಯಾಕೆ ಅಂತ ಯಾರೂ ಹೇಳುವುದಿಲ್ಲ.

ಈಗ ನಿಮ್ಮ ಹತ್ತಿರ ನೇರವಾಗಿ ಮಾತಾಡುತ್ತೇನೆ.

2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷಕ್ಕಿಂತ ಕಡಿಮೆ ವಯಸ್ಸಿನವರನ್ನು ಸೇರಿಸಿಕೊಳ್ಳಬಾರದು ಅಂತ ಅದರಲ್ಲಿದೆ. 16! ನನ್ನ ಆ ನಾಲ್ವರು ಮಕ್ಕಳಿಗೆ ಹತ್ತು. ಮಾರ್ಗಸೂಚಿ ಕಾನೂನಲ್ಲ, ಜಾರಿ ಮಾಡಬೇಕಾದ್ದು ರಾಜ್ಯ, 50ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಅದು ಕೋಚಿಂಗ್ ಕೇಂದ್ರ ಅಂತ ಲೆಕ್ಕ, ಇದೆಲ್ಲ ನೀವು ಹೇಳುತ್ತೀರಿ. ಸರಿ. ಅಲ್ಲಿ 40 ಮಕ್ಕಳೇ ಇದ್ದಾರೆ ಅಂತಿಟ್ಟುಕೊಳ್ಳಿ. ಆ 40 ಮಕ್ಕಳು ರಾತ್ರಿ ಎಲ್ಲಿ ಮಲಗುತ್ತಾರೆ, ಎಷ್ಟು ಶೌಚಾಲಯ ಇದೆ, ಹೆಣ್ಣು ಮಕ್ಕಳ ಜೊತೆ ರಾತ್ರಿ ಯಾರಿರುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ ಅಂತ ಕೇಳೋಕೆ ಯಾವ ಸಂಖ್ಯೆ ಬೇಕು?

ಐದನೇ ತರಗತಿ ಮಕ್ಕಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ಬೇಕಾ ಬೇಡವಾ ಅಂತ 2023ರಲ್ಲೂ 2024ರಲ್ಲೂ ನಮ್ಮ ರಾಜ್ಯದಲ್ಲಿ ದೊಡ್ಡ ಜಗಳ ಆಯಿತು. ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೆ ಹೋಯಿತು. ಮಕ್ಕಳ ಮೇಲೆ ಒತ್ತಡ ಅಂತ ಟೀವಿಯಲ್ಲಿ ಎಲ್ಲರೂ ಮಾತಾಡಿದರು. ಅದೇ ವರ್ಷ, ಅದೇ ವಯಸ್ಸಿನ ಮಕ್ಕಳು ಬೆಳಿಗ್ಗೆ ಐದಕ್ಕೆ ಎದ್ದು ಟೆಸ್ಟ್ ಬರೆಯುತ್ತಿದ್ದರು. ಅವರ ಬಗ್ಗೆ ಒಂದು ಅರ್ಜಿ, ಒಂದು ಚರ್ಚೆ ನನ್ನ ಕಣ್ಣಿಗೆ ಬೀಳಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮೊದಲನೆಯದಾಗಿ, ಆ ಪರಿಚಯದ ಕೆಲಸವನ್ನು ಶಾಲೆಗೇ ಕೊಡಿ. ಎಲ್ಲ ಸರ್ಕಾರಿ, ಅನುದಾನಿತ ಶಾಲೆಗಳ ಐದನೇ ತರಗತಿಗೆ ದಸರಾ ನಂತರ ವಾರಕ್ಕೆ ಎರಡು ಪೀರಿಯಡ್. ಮಗುವಿಗೊಂದು ಕನ್ನಡದ ಮಾದರಿ ಪತ್ರಿಕೆಗಳ ಪುಸ್ತಕ, ನಾಲ್ಕೈದು ಓಎಂಆರ್ ಹಾಳೆ. ನವೋದಯಕ್ಕೆ ಹೋಗುವ ಮಗುವಿಗೆ ಮಾತ್ರ ಅಲ್ಲ, ಕ್ಲಾಸಿನ ಎಲ್ಲರಿಗೂ. ಹಾಗಾದರೆ ಸರ್ಕಾರವೇ ಕೋಚಿಂಗ್ ಶುರು ಮಾಡಿದ ಹಾಗಾಯಿತಲ್ಲ ಅಂತ ನಮ್ಮ ಸಿಆರ್‌ಪಿ (ಸುತ್ತಲಿನ ಶಾಲೆಗಳ ಮೇಲ್ವಿಚಾರಣೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಒಬ್ಬರು ಕೇಳಿದರು. ಸ್ವಲ್ಪ ಮಟ್ಟಿಗೆ ಹೌದು. ಆದರೆ ಎಲ್ಲರಿಗೂ ಪುಕ್ಕಟೆ ಸಿಗುವ ವಸ್ತುವನ್ನು 60 ಸಾವಿರಕ್ಕೆ ಮಾರುವುದು ಕಷ್ಟ.

ಕ್ರೈಸ್‌ನವರಿಗೆ ಒಂದು ಮಾತು. ನಿಮ್ಮ ಹತ್ತಿರ 800ಕ್ಕೂ ಹೆಚ್ಚು ವಸತಿ ಶಾಲೆಗಳಿವೆ. ಬಡ ಮಕ್ಕಳಿಗೇ ಅಂತ ಕಟ್ಟಿದ ಶಾಲೆಗೆ ಸೇರೋಕೆ ಬಡವರು ಸಾಲ ಮಾಡಿ ಕೋಚಿಂಗ್ ಕೊಡಿಸುತ್ತಿದ್ದಾರೆ ಅಂದರೆ ಅದರಲ್ಲಿ ಏನೋ ತಿರುವುಮುರುವು ಆಗಿದೆ. ಯಾವ ತಾಲ್ಲೂಕಿನ ಎಷ್ಟು ಮಕ್ಕಳು ಪರೀಕ್ಷೆ ಬರೆದರು, ಸೇರಿದವರಲ್ಲಿ ಎಷ್ಟು ಜನ ಕೋಚಿಂಗ್‌ಗೆ ಹೋಗಿದ್ದರು ಅಂತ ಒಂದು ಸಲ ಕೇಳಿ, ಮಗುವಿನ ಹೆಸರು ಹಾಕದೆ ಪ್ರಕಟಿಸಿ. ಸೇರುವ ದಿನ ಅಪ್ಪ-ಅಮ್ಮ ಎದುರಿಗೇ ಇರುತ್ತಾರೆ, ಕೇಳೋಕೆ ಒಂದು ನಿಮಿಷ ಸಾಕು.

ನವೋದಯ ಸಮಿತಿಯವರಿಗೆ ಇನ್ನೊಂದು. ಚಿತ್ರದ ಅದೇ ಹತ್ತು ವಿಧ, ಅದೇ ನಾಲ್ಕು ನಾಲ್ಕು ಪ್ರಶ್ನೆ. ಕೋಚಿಂಗ್‌ನವರ ಅನ್ನ ಅದು. ಸ್ವಲ್ಪ ಬದಲಾಯಿಸಿ ನೋಡಿ. ಬದಲಾಯಿಸಿದರೆ ಎಲ್ಲ ಸರಿಯಾಗುತ್ತದೆ ಅಂತ ನಾನು ನಂಬಿಲ್ಲ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಕೋಚಿಂಗ್‌ಗೆ ಬಗ್ಗದ ಪತ್ರಿಕೆ ತರುತ್ತೇವೆ ಅಂತ 2013ರಲ್ಲಿ ಹೊಸ ಪ್ರವೇಶ ಪರೀಕ್ಷೆ ತಂದರು, ಕೋಚಿಂಗ್ ನಿಲ್ಲಲಿಲ್ಲ. ದಕ್ಷಿಣ ಕೊರಿಯಾದ್ದು ಇನ್ನೂ ಮಜಾ. ಅಲ್ಲಿ ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳು ಮುಂದಿನ ಶಾಲೆಗೆ ಪರೀಕ್ಷೆ ಬರೆಯಬೇಕಿತ್ತು. 1964ರಲ್ಲಿ ಸೋಲ್ ನಗರದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ, ಅವರ ಒಂದು ಅಂಟು ಮಿಠಾಯಿ ಮಾಡೋಕೆ ಮೊಳಕೆ ಕಾಳಿನ ಬದಲು ಏನು ಹಾಕಬಹುದು ಅಂತ. ಮೂಲಂಗಿ ರಸ ಅಂತ ಬರೆದ ಮಕ್ಕಳ ಉತ್ತರ ತಪ್ಪು ಅಂದರು. ತಾಯಂದಿರು ಸುಮ್ಮನಿರಲಿಲ್ಲ. ಮೂಲಂಗಿ ರಸ ಹಾಕಿ ನಿಜವಾಗಿಯೂ ಮಿಠಾಯಿ ಮಾಡಿ, ಪಾತ್ರೆ ಸಮೇತ ಶಿಕ್ಷಣ ಕಚೇರಿಗೆ ತಂದು, ತಿಂದು ನೋಡಿ ಅಂದರು. ವಿಷಯ ಕೋರ್ಟಿಗೆ ಹೋಗಿ ಮಕ್ಕಳ ಕಡೆ ತೀರ್ಪಾಯಿತು. ಒಂದು ಅಂಕಕ್ಕೆ ಮನೆಮನೆಯಲ್ಲೂ ಅಷ್ಟು ಹಟ ಇತ್ತು. ಕೊನೆಗೆ 1969ರಿಂದ, ಸೋಲ್‌ನಿಂದ ಶುರು ಮಾಡಿ, ಆ ಪರೀಕ್ಷೆಯನ್ನೇ ತೆಗೆದುಹಾಕಿದರು. ನಮ್ಮಲ್ಲಿ ಅದನ್ನು ಕೇಳುವ ಧೈರ್ಯ ನನಗಿಲ್ಲ. ನಮ್ಮ ಹೈಸ್ಕೂಲುಗಳು ಅಷ್ಟು ಸುಧಾರಿಸಿಲ್ಲ. ಸುಧಾರಿಸಿದ ದಿನ ಈ ಪತ್ರವೇ ಬೇಕಾಗುವುದಿಲ್ಲ.

ಕೊನೆಯದು ಹಾಜರಿ. ಇದಕ್ಕೆ ಖರ್ಚೇ ಇಲ್ಲ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು, ಮಗು ಆ ವರ್ಷ ಶಾಲೆಯಲ್ಲಿ ಕೂತಿತ್ತಾ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಯಾರಾದರೂ ಬಂದು ನೋಡಲಿ. ತಪ್ಪು ಸಿಕ್ಕರೆ ಮಗುವಿನ ಅರ್ಜಿ ತಿರಸ್ಕರಿಸಬೇಡಿ, ಮಗು ಏನೂ ಮಾಡಿಲ್ಲ. ಸಹಿ ಹಾಕಿದವರನ್ನು ಕೇಳಿ, ಹಾಜರಿ ಕೂಗಿದವರನ್ನು ಕೇಳಿ. ಅದರಲ್ಲಿ ನಾನೂ ಇದ್ದೇನೆ. ದಿನಾ ಬೆಳಿಗ್ಗೆ ಆ ನಾಲ್ಕು ಹೆಸರು ಕೂಗಿದಾಗ ಉಳಿದ 19 ಮಕ್ಕಳು ನನ್ನ ಮುಖ ನೋಡುತ್ತಾರೆ. ಮೊದಮೊದಲು "ಬಂದಿಲ್ರಿ" ಅನ್ನುತ್ತಿದ್ದರು. ಈಗ ಏನೂ ಅನ್ನುವುದಿಲ್ಲ, ನಾನು ಪೆನ್ನು ಎತ್ತುವ ತನಕ ಕಾಯುತ್ತಾರೆ.

ನೋಟಿಸ್ ಕಳಿಸುವುದಾದರೆ ಕಳಿಸಿ, ಜೊತೆಗೆ ಒಬ್ಬರನ್ನೂ ಕಳಿಸಿ. ಹಾಜರಿ ಪುಸ್ತಕ, ಬಿಸಿಯೂಟದ ಪುಸ್ತಕ ಎರಡೂ ಒಂದೇ ಬೀರುವಿನಲ್ಲಿವೆ, ಮೇಲಿನ ಅರೆಯಲ್ಲಿ. ಬೀಗ ಹಾಕಿಲ್ಲ.

ಇಂತಿ,
ಐದನೇ ತರಗತಿಯ ಒಬ್ಬ ಟೀಚರ್